ನಮ್ಮ ಹೈಲ್ಯಾಂಡರ್ ಈ ಟ್ರೈಲರ್ ಎಳೆಯುತ್ತಾ?

ಪ್ರಶ್ನೆ: ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ನಾನು, ಹೆಂಡತಿ, ಹತ್ತು ಮತ್ತು ಏಳು ವರ್ಷದ ಇಬ್ಬರು ಮಕ್ಕಳು. ನಮ್ಮ ಹತ್ತಿರ 2020ರ ಟೊಯೋಟಾ ಹೈಲ್ಯಾಂಡರ್ ಹೈಬ್ರಿಡ್ ಇದೆ. ಯೊಸೆಮಿಟಿ ನ್ಯಾಷನಲ್ ಪಾರ್ಕ್, ಟಾಹೋ ಸರೋವರದ ಕಡೆ ಓಡಾಡಲು ಒಂದು ಸಣ್ಣ ಟ್ರಾವೆಲ್ ಟ್ರೈಲರ್ ತಗೊಳ್ಳೋಣ ಅಂತಿದ್ದೇವೆ. ನೋಡಿಟ್ಟಿರುವುದು ಸುಮಾರು 20 ಅಡಿಯದ್ದು, ಮಕ್ಕಳಿಗೆ ಬಂಕ್ ಹಾಸಿಗೆ ಇದೆ. ಖಾಲಿ ತೂಕ 3,100 ಪೌಂಡ್, ತುಂಬಿದಾಗ ಗರಿಷ್ಠ 3,950. ನಮ್ಮ ಕಾರಿನ ಟೋ ಮಿತಿ, ಅಂದರೆ ಎಳೆಯಬಹುದಾದ ಗರಿಷ್ಠ ತೂಕ, 3,500. ‘ಆರಾಮಾಗಿ ಎಳೆಯುತ್ತೆ’ ಅಂತ ಟ್ರೈಲರ್ ಮಾರುವವರು ಹೇಳಿದರು. ನಿಜವಾ? ಇಲ್ಲದಿದ್ದರೆ ಯಾವ ಗಾಡಿ ತಗೊಳ್ಳಬೇಕು? ಬೇಸಿಗೆಯಲ್ಲಿ ಮೈಸೂರಿನಿಂದ ಅಪ್ಪ ಅಮ್ಮ ಬರುತ್ತಾರೆ. ಅವರು ಟ್ರೈಲರ್ ಒಳಗೇ ಮಲಗಿಕೊಂಡು ಬರಬಹುದಾ? ಇನ್ನೊಂದು, ಮಕ್ಕಳ ಸೈಕಲ್ ಎಲ್ಲಿ ಕಟ್ಟೋದು?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಈ ಟ್ರೈಲರ್, ಈ ಕಾರು, ಈ ಮನೆಮಂದಿ, ಮೂರೂ ಒಟ್ಟಿಗೆ ಆಗುವುದಿಲ್ಲ. ಒಂದನ್ನು ಬದಲಾಯಿಸಬೇಕು. ಮನೆಮಂದಿಯನ್ನು ಬದಲಾಯಿಸುವ ಹಾಗಿಲ್ಲವಲ್ಲ, ಹಾಗಾಗಿ ಉಳಿದ ಎರಡರ ಬಗ್ಗೆ ಮಾತಾಡೋಣ.

ಮಾರುವವರು ಸುಳ್ಳು ಹೇಳಿದರು ಅಂತ ನಾನು ಹೇಳುವುದಿಲ್ಲ. 3,100 ಅನ್ನುವುದು 3,500ಕ್ಕಿಂತ ಕಮ್ಮಿಯೇ. ಆದರೆ ಆ 3,100 ಯಾವುದರ ತೂಕ? ಫ್ಯಾಕ್ಟರಿಯಿಂದ ಹೊರಬಿದ್ದ ಖಾಲಿ ಡಬ್ಬದ ತೂಕ. ಅದರಲ್ಲಿ ಸಾಮಾನ್ಯವಾಗಿ ಬ್ಯಾಟರಿ ಇರುವುದಿಲ್ಲ, ನೀರಿರುವುದಿಲ್ಲ, ಗ್ಯಾಸ್ ಇರುವುದಿಲ್ಲ. ನಿಮ್ಮ ಕುಕ್ಕರ್, ಹಾಸಿಗೆ, ಹತ್ತು ಕೆಜಿ ಸೋನಾ ಮಸೂರಿ ಅಂತೂ ಇಲ್ಲವೇ ಇಲ್ಲ. ಖಾಲಿ ತೂಕದಲ್ಲಿ ಯಾರೂ ಪ್ರವಾಸ ಹೋಗುವುದಿಲ್ಲ.

ತುಂಬಿ ನೋಡೋಣ. ಬ್ಯಾಟರಿಗೆ 50 ಪೌಂಡ್. ಒಂದು ಪ್ರೊಪೇನ್ ಸಿಲಿಂಡರ್, ಗ್ಯಾಸ್ ಸೇರಿ 37. ನೀರು ಗ್ಯಾಲನ್‌ಗೆ 8.34 ಪೌಂಡ್ ತೂಗುತ್ತದೆ. 25 ಗ್ಯಾಲನ್ ಟ್ಯಾಂಕ್ ತುಂಬಿಸಿದರೆ 208. ಬಿಸಿನೀರಿನ ಹಂಡೆಯಲ್ಲಿ ಆರು ಗ್ಯಾಲನ್, ಅದು 50. ಯೊಸೆಮಿಟಿಯ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಟ್ರೈಲರ್‌ಗೆ ನೀರು, ಕರೆಂಟಿನ ಜೋಡಣೆ ಸಿಗುವುದಿಲ್ಲ. ಹಾಗಾಗಿ ಟ್ಯಾಂಕ್ ಖಾಲಿ ಇಟ್ಟುಕೊಂಡು ಹೋಗುತ್ತೇನೆ ಅನ್ನುವ ಲೆಕ್ಕ ಅಷ್ಟು ಸುಲಭವಿಲ್ಲ. ಪಾತ್ರೆ, ಬಟ್ಟೆ, ರಗ್ಗು, ಮಡಚುವ ಕುರ್ಚಿ, ಊಟದ ಸಾಮಾನು ಎಲ್ಲ ಸೇರಿ ಕೈ ಬಿಗಿ ಹಿಡಿದರೂ 350. ಕೂಡಿ: ಸುಮಾರು 3,800 ಪೌಂಡ್. ನಿಮ್ಮ ಹೈಬ್ರಿಡ್‌ನ ಮಿತಿ ದಾಟಿ 300 ಮುಂದೆ ಹೋಯಿತು.

ಅದಕ್ಕೇ ನಾನು ಯಾರು ಕೇಳಿದರೂ ಹೇಳುವುದು, ಟ್ರೈಲರ್‌ನ ಗರಿಷ್ಠ ತೂಕವನ್ನೇ ಅದರ ತೂಕ ಅಂತ ಹಿಡಿಯಿರಿ. ನಿಮ್ಮ ಟ್ರೈಲರ್ 3,950 ಪೌಂಡಿನದು. 3,100 ಅನ್ನುವ ಅಂಕಿಯನ್ನು ಮರೆತುಬಿಡಿ.

ಇಷ್ಟು ಸುಲಭದ ಭಾಗ. ನಮ್ಮ ಜನ ಹೆಚ್ಚಾಗಿ ಎಡವುವುದು ಇದರಲ್ಲಿ ಅಲ್ಲ.

ಈಗ ಹೋಗಿ ಡ್ರೈವರ್ ಬಾಗಿಲು ತೆಗೆಯಿರಿ. ಬಾಗಿಲು ಕೂರುವ ಕಂಬದ ಮೇಲೆ, ಟೈರಿಗೆ ಎಷ್ಟು ಗಾಳಿ ಹಾಕಬೇಕು ಅಂತ ಬರೆದಿರುವ ಹಳದಿ-ಬಿಳಿ ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ ಒಂದು ಸಾಲು: ಕೂತವರು ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು. ಇದೇ ಪೇಲೋಡ್. ಬ್ರೋಷರ್‌ನಲ್ಲಿರುವ ಅಂಕಿ ಆ ಮಾಡೆಲ್‌ನದು, ಈ ಚೀಟಿಯಲ್ಲಿರುವುದು ನಿಮ್ಮದೇ ಕಾರಿನದು. ಒಂದೇ ವರ್ಷದ, ಒಂದೇ ಹೆಸರಿನ ಎರಡು ಕಾರುಗಳಲ್ಲಿ ಬೇರೆ ಬೇರೆ ಇರುತ್ತದೆ. ಗಾಜಿನ ಚಾವಣಿ, ದೊಡ್ಡ ಚಕ್ರ, ಮೂರನೇ ಸಾಲಿನ ಸೀಟು, ಏನೇ ಜಾಸ್ತಿ ಹಾಕಿದರೂ ಅದರ ತೂಕ ಈ ಅಂಕಿಯಿಂದಲೇ ಕಳೆಯುತ್ತದೆ.

ಟ್ರೈಲರ್‌ಗೂ ಈ ಚೀಟಿಗೂ ಏನು ಸಂಬಂಧ ಅಂದರೆ, ಟ್ರೈಲರ್ ಪೂರ್ತಿ ತನ್ನ ಚಕ್ರದ ಮೇಲೇ ನಿಲ್ಲುವುದಿಲ್ಲ. ಅದರ ಮೂತಿ ನಿಮ್ಮ ಕಾರಿನ ಬೆನ್ನ ಮೇಲೆ ಕೂತಿರುತ್ತದೆ. ಟ್ರೈಲರ್ ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಹಾಗೆ ಕೂರಲೇಬೇಕು. ಇಲ್ಲಿ ಇದನ್ನು ಟಂಗ್ ವೇಟ್ ಅನ್ನುತ್ತಾರೆ. ಊರಲ್ಲಿ ಎತ್ತಿನ ಗಾಡಿಗೆ ಹುಲ್ಲು ಹೇರುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಂಭಾರ ಆದರೆ ಮೂಕಿ ಮೇಲಕ್ಕೆದ್ದು ಎತ್ತಿನ ಕುತ್ತಿಗೆ ಹಿಡಿಯುತ್ತದೆ. ಮುಂಭಾರ ಆದರೆ ನೊಗ ಹೆಗಲ ಮೇಲೆ ಕೂತು ಹುಣ್ಣಾಗುತ್ತದೆ. ಗಾಡಿ ಹೊಡೆಯುವವನು ಹೇರುವಾಗಲೇ ನೊಗ ಎತ್ತಿ ನೋಡಿ, ನಾಲ್ಕು ಕಂತೆ ಹಿಂದಕ್ಕೋ ಮುಂದಕ್ಕೋ ಸರಿಸುತ್ತಾನೆ. ನಾವು ಮಾಡಬೇಕಾದದ್ದೂ ಅದನ್ನೇ.

ನಿಮ್ಮ ಚೀಟಿಯಲ್ಲಿ 1,300 ಪೌಂಡ್ ಇದೆ ಅಂತ ಇಟ್ಟುಕೊಳ್ಳೋಣ. (ನಿಮ್ಮ ನಿಜವಾದ ಅಂಕಿ ನೀವೇ ನೋಡಿ ಲೆಕ್ಕ ತಿದ್ದಿಕೊಳ್ಳಿ.) ನೀವಿಬ್ಬರೂ ಸೇರಿ 310, ಮಕ್ಕಳು 140. ಟ್ರೈಲರ್ ಸಿಕ್ಕಿಸುವ ಹಿಚ್ ಕಬ್ಬಿಣಕ್ಕೆ 50. ಕಾರಿನ ಡಿಕ್ಕಿಯಲ್ಲಿ ಕೂಲರ್, ಬ್ಯಾಗು, ಜಾಕೆಟ್ಟು ಅಂತ 150. ಇಲ್ಲಿಗೆ 650. ಟ್ರೈಲರ್ ಮೂತಿ 3,800ರಲ್ಲಿ ಎಂಟನೇ ಒಂದು ಪಾಲು ಅಂದರೆ 475. ಮೊತ್ತ 1,125. ನಾಲ್ಕೇ ಜನ ಹೋದರೆ ಚೀಟಿಯ ಒಳಗೆ ಇದ್ದೀರಿ. ಅಪ್ಪ ಅಮ್ಮ ಹತ್ತಿದರು, 280 ಸೇರಿತು: 1,405. ಮುಗಿಯಿತು. ಇನ್ನೂ ಮೆಂತ್ಯ ಹಿಟ್ಟು, ಚಟ್ನಿಪುಡಿ ಡಬ್ಬ ತೂಗಿಲ್ಲ.

ಇದರ ಜೊತೆಗೆ 3,500 ಪೌಂಡ್ ಮಿತಿಯ ಗಾಡಿಗಳಲ್ಲಿ ಮೂತಿಯ ಭಾರಕ್ಕೂ ಸಾಮಾನ್ಯವಾಗಿ 350ರ ಗಡಿ ಇರುತ್ತದೆ. ನಿಮಗೆ ಬೇಕಾಗಿರುವುದು 475. ಅಂದರೆ ಅಪ್ಪ ಅಮ್ಮ ಜೊತೆಗಿದ್ದರೆ ಒಂದಲ್ಲ, ಮೂರು ಕಡೆ ಮೀರುತ್ತಿದ್ದೀರಿ.

ಗಮನಿಸಿ, ಕಂಪನಿಗಳು ಟೋ ಮಿತಿ ಅಳೆಯುವಾಗ ಕಾರಿನಲ್ಲಿ ಡ್ರೈವರ್, ಪಕ್ಕದಲ್ಲೊಬ್ಬರು, ತಲಾ 150 ಪೌಂಡ್, ಇಷ್ಟೇ ಇರುತ್ತಾರೆ ಅಂತ ಲೆಕ್ಕ ಹಾಕುತ್ತವೆ. ನಮ್ಮ ಮನೆಗಳ ಲೆಕ್ಕ ಅದಲ್ಲ. ನಾವು ಪ್ರವಾಸ ಹೊರಟರೆ ಸೀಟು ಖಾಲಿ ಬಿಡುವ ಪೈಕಿ ಅಲ್ಲವೇ ಅಲ್ಲ. ಅದಕ್ಕೇ ಕನ್ನಡದ ಸಂಸಾರಗಳಿಗೆ ಟೋ ಮಿತಿಗಿಂತ ಮೊದಲು ಖಾಲಿಯಾಗುವುದು ಪೇಲೋಡ್. ಗಾಡಿ ಹುಡುಕುವಾಗ ಆ ಬಾಗಿಲ ಚೀಟಿಯಿಂದಲೇ ಶುರು ಮಾಡಿ.

‘ಸ್ವಲ್ಪ ತಾನೇ ಮೀರೋದು, ಏನಾಗುತ್ತೆ?’ ಅಂತ ಕೇಳುವವರಿದ್ದಾರೆ. ನಾನೂ ಹಾಗೇ ಇದ್ದವನು. ನನ್ನ ಮೊದಲ ಟ್ರೈಲರನ್ನು ಮಿನಿವ್ಯಾನ್‌ಗೆ ಕಟ್ಟಿ ಎಳೆಯುತ್ತಿದ್ದೆ. ಎಲ್ಲ ಮಿತಿಯೊಳಗೇ ಇತ್ತು, ಅಥವಾ ಹಾಗೆ ಅಂದುಕೊಂಡಿದ್ದೆ. ಒಂದು ಸಂಜೆ 580ನೇ ಹೆದ್ದಾರಿಯಲ್ಲಿ ಆಲ್ಟಮಾಂಟ್ ಪಾಸ್ ದಾಟುತ್ತಿದ್ದೆ. ಅಲ್ಲಿ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ ಅನ್ನುವುದು ನಿಮಗೆ ಗೊತ್ತೇ ಇದೆ. ಇಳಿಜಾರು. ಎಡಗಡೆಯಿಂದ ಒಂದು ಹದಿನೆಂಟು ಗಾಲಿಯ ಲಾರಿ ದಾಟಿತು. ಅದರ ಗಾಳಿ ಮೊದಲು ಟ್ರೈಲರನ್ನು ತಳ್ಳಿತು, ಆಮೇಲೆ ಒಳಕ್ಕೆ ಎಳೆಯಿತು. ಕನ್ನಡಿಯಲ್ಲಿ ನೋಡುತ್ತೇನೆ, ಟ್ರೈಲರ್‌ನ ಹಿಂದಿನ ಮೂಲೆ ಎಡಗನ್ನಡಿಯಲ್ಲಿ ಕಾಣಿಸಿತು, ಮಾಯವಾಯಿತು, ಬಲಗನ್ನಡಿಯಲ್ಲಿ ಕಾಣಿಸಿತು. ನಾಯಿ ಬಾಲ ಅಲ್ಲಾಡಿಸಿದ ಹಾಗೆ. ವ್ಯಾನಿನ ಹಿಂಭಾಗವೂ ಅದರ ಜೊತೆ ಕುಣಿಯಲು ಶುರುವಾಯಿತು. ಹೆಂಡತಿ ಮಾತಾಡುತ್ತಿದ್ದವಳು ಅರ್ಧಕ್ಕೇ ನಿಲ್ಲಿಸಿದಳು.

ಆಗ ಕಾರಿನ ಬ್ರೇಕ್ ಒತ್ತಬಾರದು. ಒತ್ತಿದರೆ ಹಿಂದಿನಿಂದ ಟ್ರೈಲರ್ ಇನ್ನೂ ನೂಕುತ್ತದೆ. ಸ್ಟೀರಿಂಗ್ ನೇರ ಹಿಡಿದು, ಆಕ್ಸಿಲರೇಟರ್ ಬಿಟ್ಟು, ಟ್ರೈಲರ್ ಬ್ರೇಕ್ ಮಾತ್ರ ಕೈಯಿಂದ ಒತ್ತಬೇಕು. ಟ್ರೈಲರ್ ಬ್ರೇಕನ್ನು ಕಾರಿನಿಂದ ನಡೆಸುವ ಬ್ರೇಕ್ ಕಂಟ್ರೋಲರ್‌ನಲ್ಲಿ ಅದಕ್ಕೊಂದು ಸಣ್ಣ ಗುಂಡಿ ಇರುತ್ತದೆ. ಯಾರೋ ಹಿರಿಯರು ಹೇಳಿಕೊಟ್ಟಿದ್ದು ಕೈಗೆ ನೆನಪಿತ್ತು. ಟ್ರೈಲರ್ ಹಿಂದಕ್ಕೆ ಜಗ್ಗಿ ನೇರವಾಯಿತು.

ಮುಂದಿನ ಎಕ್ಸಿಟ್‌ನಲ್ಲಿ ಇಳಿದು ಲಾರಿಗಳು ನಿಲ್ಲುವ ಪೆಟ್ರೋಲ್ ಬಂಕಿನಲ್ಲಿರುವ, ಗಾಡಿ ತೂಗುವ ಕ್ಯಾಟ್ ಸ್ಕೇಲ್ ಮೇಲೆ ನಿಲ್ಲಿಸಿದೆ. ಟ್ರೈಲರ್ 3,300 ಪೌಂಡ್. ಮೂತಿಯ ಭಾರ ಬರೀ 240. ಅಂದರೆ ನೂರಕ್ಕೆ ಏಳು ಚಿಲ್ಲರೆ! ಏನಾಗಿತ್ತು ಅಂದರೆ, ನೀರಿನ ಟ್ಯಾಂಕ್ ಚಕ್ರದ ಹಿಂದೆ ಇತ್ತು, ಅದನ್ನು ತುಂಬಿಸಿದ್ದೆ. ಸಾಲದ್ದಕ್ಕೆ ಹಿಂದಿನ ಬಂಪರ್‌ಗೆ ಎರಡು ಸೈಕಲ್ ಕಟ್ಟಿದ್ದೆ. ಹಿಂಭಾರವಾಗಿ ಮೂಕಿ ಎದ್ದಿತ್ತು. ತಪ್ಪು ಪೂರ್ತಿ ನನ್ನದೇ.

ಇದನ್ನು ಯಾಕೆ ಇಷ್ಟು ಉದ್ದ ಹೇಳಿದೆ ಅಂದರೆ, ಸಣ್ಣ ಗಾಡಿ ಇಟ್ಟುಕೊಂಡವರು ಪೇಲೋಡ್ ಉಳಿಸಲು ಇದೇ ಕೆಲಸ ಮಾಡುತ್ತಾರೆ. ಮೂತಿ ಭಾರ ಜಾಸ್ತಿ ಆಯಿತು ಅಂತ ಸಾಮಾನು ಹಿಂದಕ್ಕೆ ಸರಿಸುತ್ತಾರೆ. ಕಾಗದದ ಮೇಲೆ ಲೆಕ್ಕ ಸರಿಯಾಗುತ್ತದೆ, ರಸ್ತೆಯ ಮೇಲೆ ಬಾಲ ಅಲ್ಲಾಡುತ್ತದೆ. ಮೂತಿಯ ಭಾರ ಹೊರಲಾಗದ ಕಾರು ಅಂದರೆ ಆ ಟ್ರೈಲರ್‌ಗೆ ಅದು ತಕ್ಕ ಕಾರಲ್ಲ, ಅಷ್ಟೇ.

ಇನ್ನು ಎಂಜಿನ್ ವಿಷಯ. ಅಮೆರಿಕದಲ್ಲಿ ಟೋ ಮಿತಿ ಅಳೆಯಲು ಜೆ2807 ಅನ್ನುವ ಒಂದು ಮಾನದಂಡವಿದೆ. ಇದನ್ನು ಮೊದಲು ಒಪ್ಪಿಕೊಂಡ ಕಂಪನಿ ಟೊಯೋಟಾ, 2011ರ ಮಾಡೆಲ್‌ಗಳಿಂದ. ಅರಿಜೋನಾದ ಡೇವಿಸ್ ಡ್ಯಾಮ್ ಹತ್ತಿರದ 68ನೇ ಹೆದ್ದಾರಿಯ ಏರು, 11 ಮೈಲಿಗೂ ಜಾಸ್ತಿ, ಈ ಪರೀಕ್ಷೆಗೆ ಅಳತೆಗೋಲು. 100 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು, ಎಸಿ ಹಾಕಿಕೊಂಡೇ ಹತ್ತಬೇಕು, ಸಾಮಾನ್ಯ ಗಾಡಿಗಳ ವೇಗ ಗಂಟೆಗೆ 40 ಮೈಲಿಗಿಂತ ಕೆಳಗೆ ಇಳಿಯಬಾರದು. ಹಾಗಾಗಿ ಕಂಪನಿ ಕೊಡುವ ಅಂಕಿ ಬರೀ ಜಾಹೀರಾತು ಅಲ್ಲ. ಆದರೆ 40 ಮೈಲಿ ಅನ್ನುವುದನ್ನು ನೆನಪಿಡಿ. ಮಿತಿಯ ತುದಿಯಲ್ಲಿ ಎಳೆದರೆ ಏರಿನಲ್ಲಿ ನಿಮ್ಮ ಹಿಂದೆ ಸಾಲುಗಟ್ಟುತ್ತಾರೆ.

ನಿಮ್ಮ ಹೈಬ್ರಿಡ್‌ನಲ್ಲಿ 2.5 ಲೀಟರ್‌ನ ನಾಲ್ಕು ಸಿಲಿಂಡರ್ ಎಂಜಿನ್. ಮೋಟಾರ್ ಸೇರಿದರೆ 243 ಕುದುರೆ ಶಕ್ತಿ. ಊರೊಳಗೆ ಅದು ಚುರುಕು. ಆದರೆ ಸ್ಯಾಕ್ರಮೆಂಟೊದಿಂದ 80ನೇ ಹೆದ್ದಾರಿಯಲ್ಲಿ ಟಾಹೋ ಕಡೆ ಹೊರಟರೆ, ಸಮುದ್ರಮಟ್ಟದ ಆಸುಪಾಸಿನಿಂದ ಡಾನರ್ ಸಮ್ಮಿಟ್‌ನ 7,239 ಅಡಿವರೆಗೆ ಹತ್ತಬೇಕು. ಅಷ್ಟು ಉದ್ದದ ಏರಿನಲ್ಲಿ ಬ್ಯಾಟರಿಯ ಸಹಾಯ ಕಮ್ಮಿಯಾಗುತ್ತಾ ಹೋಗುತ್ತದೆ. ಆಮೇಲೆ ಎಂಜಿನ್ ಒಂದೇ ದುಡಿಯಬೇಕು. ಅದಕ್ಕೂ ಮೇಲೆ ಹೋದಂತೆ ಉಸಿರು ಕಮ್ಮಿ: ಟರ್ಬೋ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ನೂರಕ್ಕೆ ಮೂರರಷ್ಟು ಬಲ ಕಳೆದುಕೊಳ್ಳುತ್ತದೆ. ಏಳು ಸಾವಿರ ಅಡಿಯಲ್ಲಿ ಐದನೇ ಒಂದು ಪಾಲು ಹೋಯಿತು ಅಂತ ಲೆಕ್ಕ.

ತೂಕಕ್ಕಿಂತ ಗಾಳಿ ದೊಡ್ಡ ಶತ್ರು ಅನ್ನುವುದು ಸಮತಟ್ಟು ರಸ್ತೆಯಲ್ಲಿ ಗೊತ್ತಾಗುತ್ತದೆ. ಟ್ರೈಲರ್‌ನ ಮುಂಭಾಗ ಅಂದರೆ ಏಳು ಅಡಿ ಅಗಲದ ಒಂದು ಗೋಡೆ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟು. ಅದೇ ತೂಕದ ದೋಣಿ ಎಳೆಯುವುದಕ್ಕೂ ಟ್ರೈಲರ್ ಎಳೆಯುವುದಕ್ಕೂ ಅಜಗಜಾಂತರ. ಹೈಬ್ರಿಡ್ ಕೊಡುತ್ತಿದ್ದ 35 ಮೈಲೇಜು ಅರ್ಧಕ್ಕೂ ಕೆಳಗೆ ಇಳಿಯಬಹುದು, ಆಗ ಕಾರನ್ನು ಬಯ್ಯಬೇಡಿ. ಕೆಲವು ಕಂಪನಿಗಳ ಮ್ಯಾನ್ಯುಯಲ್‌ನಲ್ಲಿ ಟ್ರೈಲರ್‌ನ ಮುಂಭಾಗ ಇಷ್ಟು ಚದರ ಅಡಿ ಮೀರಬಾರದು ಅಂತಲೇ ಬರೆದಿರುತ್ತದೆ. ಆ ಪುಟ ಓದದೆ ಯಾವ ಗಾಡಿಗೂ ಮುಂಗಡ ಕೊಡಬೇಡಿ.

ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಆಗುಂಬೆ, ಚಾರ್ಮಾಡಿ ಕಡೆಯ ಬಸ್ ಡ್ರೈವರ್‌ಗಳು ಹೇಳುವ ಮಾತಿದೆಯಲ್ಲ, ಹತ್ತಿದ ಗೇರಿನಲ್ಲೇ ಇಳೀಬೇಕು ಅಂತ. ಸಿಯೆರಾ ಬೆಟ್ಟಕ್ಕೂ ಅದೇ ನಿಯಮ. ಟೋ ಮೋಡ್ ಇರುವ ಗಾಡಿ ತಾನೇ ಕೆಳಗಿನ ಗೇರ್ ಹಿಡಿದು ಎಂಜಿನ್‌ನಿಂದ ತಡೆಯುತ್ತದೆ. ಇಲ್ಲದಿದ್ದರೆ ಕೈಯಿಂದ ಗೇರ್ ಇಳಿಸಬೇಕು. ಬ್ರೇಕ್ ಮೇಲೇ ಕಾಲಿಟ್ಟುಕೊಂಡು ಹತ್ತು ಮೈಲಿ ಇಳಿದರೆ ಬ್ರೇಕ್ ಕಾದು, ಬೇಕಾದಾಗ ಹಿಡಿಯುವುದಿಲ್ಲ. ಮೂರೂವರೆ ಸಾವಿರ ಪೌಂಡಿನ ಟ್ರೈಲರ್‌ಗೆ ತನ್ನದೇ ಎಲೆಕ್ಟ್ರಿಕ್ ಬ್ರೇಕ್ ಇರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 1,500 ಪೌಂಡ್ ಮುಟ್ಟಿದ ಕ್ಯಾಂಪಿಂಗ್ ಟ್ರೈಲರ್‌ಗೆ ಬ್ರೇಕ್ ಕಡ್ಡಾಯ. ಆದರೆ ಆ ಬ್ರೇಕಿಗೆ ಅಪ್ಪಣೆ ಕೊಡಲು ಕಾರಿನಲ್ಲಿ ಕಂಟ್ರೋಲರ್ ಬೇಕು, ಹಿಂದೆ ಏಳು ಪಿನ್ನಿನ ಸಾಕೆಟ್ ಬೇಕು. ನಾಲ್ಕು ಪಿನ್ನಿನದು ಬರೀ ದೀಪಕ್ಕೆ. ಹಳೆಯ ಗಾಡಿ ನೋಡಲು ಹೋದಾಗ ಬಗ್ಗಿ ಬಂಪರ್ ಕೆಳಗೆ ನೋಡಿ. ನಾಲ್ಕು ಪಿನ್ ಇದ್ದರೆ ಟೋ ಪ್ಯಾಕೇಜ್ ಬಂದಿಲ್ಲ ಅನ್ನುವ ಅನುಮಾನ ಇಟ್ಟುಕೊಂಡೇ ಮಾತಾಡಿ.

ಟೋ ಪ್ಯಾಕೇಜ್ ಅಂದರೆ ಬರೀ ಹಿಂದೆ ಒಂದು ಕಬ್ಬಿಣದ ಕೊಕ್ಕೆ ಅಲ್ಲ. ಗಾಡಿಯಿಂದ ಗಾಡಿಗೆ ವ್ಯತ್ಯಾಸ ಇದ್ದರೂ, ಸಾಮಾನ್ಯವಾಗಿ ದೊಡ್ಡ ರೇಡಿಯೇಟರ್, ಗೇರ್‌ಬಾಕ್ಸ್ ಎಣ್ಣೆ ತಂಪು ಮಾಡುವ ಕೂಲರ್, ವೈರಿಂಗ್ ಎಲ್ಲ ಸೇರಿರುತ್ತದೆ. ಹೊರಗೆ ಎಲ್ಲೋ 5,000 ಪೌಂಡ್ ಅಂತ ಬರೆದ ಹಿಚ್ ಹಾಕಿಸಿದ ಮಾತ್ರಕ್ಕೆ ಕಾರಿನ ಮಿತಿ ಏರುವುದಿಲ್ಲ. ಹಿಚ್, ಅದರ ಬಾಲ್, ಕಾರು, ನಾಲ್ಕು ಟೈರು, ಇದರಲ್ಲಿ ಯಾವುದರ ಅಂಕಿ ಸಣ್ಣದೋ ಅದೇ ನಿಮ್ಮ ಮಿತಿ.

ಸರಿ, ಯಾವ ಗಾಡಿ?

ಅಂಗಡಿಗೆ ಹೋಗುವ ಮೊದಲು ಒಂದು ವಿಷಯ ಮನಸ್ಸಿಗೆ ಬರಬೇಕು. ಗಾಡಿಯ ಹೆಸರಿಗೆ ಟೋ ಮಿತಿ ಇಲ್ಲ, ಆ ಹೆಸರಿನ ಒಂದೊಂದು ಬಗೆಗೂ ಬೇರೆ ಬೇರೆ ಇದೆ. ನಿಮ್ಮ ಹೈಲ್ಯಾಂಡರ್ ಹೈಬ್ರಿಡ್ 3,500, ಅದೇ ವರ್ಷದ, ಆರು ಸಿಲಿಂಡರಿನ ಪೆಟ್ರೋಲ್ ವಿ6 ಹೈಲ್ಯಾಂಡರ್ 5,000. ಹೊಂಡಾ ಪೈಲಟ್ ನಾಲ್ಕೂ ಚಕ್ರ ಎಳೆಯುವುದಾದರೆ 5,000, ಮುಂದಿನ ಎರಡೇ ಆದರೆ 3,500. ಕಳೆದ ತಲೆಮಾರಿನ ರಾವ್4 ಅಂತೂ ಸಾಮಾನ್ಯ ಪೆಟ್ರೋಲ್‌ನದು 1,500, ಹೈಬ್ರಿಡ್ 1,750, ಅಡ್ವೆಂಚರ್, ಟಿಆರ್‌ಡಿ ಆಫ್-ರೋಡ್ ಅನ್ನುವ ಬಗೆಗಳು 3,500. ‘ನನ್ನ ಫ್ರೆಂಡ್ ಪೈಲಟ್‌ನಲ್ಲಿ ಎಳೀತಾನೆ’ ಅನ್ನುವ ಮಾತಿಗೆ ಅರ್ಥವೇ ಇಲ್ಲ, ಅವನದು ಯಾವ ಪೈಲಟ್ ಅಂತ ಕೇಳುವವರೆಗೆ.

ಕಾರು ಉಳಿಸಿಕೊಳ್ಳಬೇಕು ಅಂದರೆ ಟ್ರೈಲರ್ ಇಳಿಸಿ. ತುಂಬಿದಾಗ 2,800 ಪೌಂಡ್ ದಾಟದ್ದು ನೋಡಿ. ಟಿಯರ್‌ಡ್ರಾಪ್ ಅನ್ನುವ ನೀರಹನಿ ಆಕಾರದವು, ಸ್ಕ್ಯಾಂಪ್‌ನಂಥ ಮೊಟ್ಟೆಯ ಹಾಗಿರುವ ಫೈಬರ್‌ಗ್ಲಾಸ್‌ನವು, ಬಟ್ಟೆಯ ಗೋಡೆ ಎದ್ದು ನಿಲ್ಲುವ ಪಾಪ್-ಅಪ್‌ಗಳು ಇವೆ. ಮೂತಿ ಭಾರ 350ರ ಒಳಗೆ ಬರುತ್ತದೆ, ಗಾಳಿಗೂ ಒಡ್ಡಿಕೊಳ್ಳುವುದು ಕಮ್ಮಿ. ಬಂಕ್ ಹಾಸಿಗೆ ಎಲ್ಲದರಲ್ಲೂ ಸಿಗುವುದಿಲ್ಲ ನಿಜ. ಪಕ್ಕದಲ್ಲಿ ಒಂದು ಟೆಂಟ್ ಹಾಕಿ. ಹತ್ತು ವರ್ಷದ ಮಗುವಿಗೆ ಬಂಕ್‌ಗಿಂತ ಟೆಂಟೇ ಇಷ್ಟವಾಗುತ್ತದೆ ಅನ್ನುವುದು ನನ್ನ ಅನುಭವ. ಕರಡಿ ಇರುವ ಕಡೆ ತಿಂಡಿ ಮಾತ್ರ ಟೆಂಟಿನೊಳಗೆ ಬಿಡಬೇಡಿ.

ನೋಡಿಟ್ಟ ಟ್ರೈಲರೇ ಬೇಕು, ಹೋಗುವುದು ನಾಲ್ಕೇ ಜನ ಅಂದರೆ 5,000 ಪೌಂಡಿನ ಮೂರು ಸಾಲಿನ ಗಾಡಿಗಳು ಸಾಕು. ಪೆಟ್ರೋಲ್ ಹೈಲ್ಯಾಂಡರ್, ನಾಲ್ಕು ಚಕ್ರದ ಪೈಲಟ್, ಕಿಯಾ ಟೆಲ್ಯುರೈಡ್, ಹ್ಯುಂಡೈ ಪ್ಯಾಲಿಸೇಡ್, ಇವು ಈ ಸಾಲಿನವು. ಸುಬಾರು ಅಸೆಂಟ್ ಕೂಡ 5,000ವೇ, ಆದರೆ ಅದರಲ್ಲಿರುವುದು ಒಂದು, ಎರಡು ಅಂತ ಗೇರಿನ ಮೆಟ್ಟಿಲಿಲ್ಲದ ಸಿವಿಟಿ ಗೇರ್‌ಬಾಕ್ಸ್. ಬೇಸಿಗೆಯಲ್ಲಿ ಉದ್ದದ ಏರಿನಲ್ಲಿ ಸಿವಿಟಿ ಬಿಸಿಯಾಗುವುದು ನನಗೆ ಇಷ್ಟವಿಲ್ಲ. ಇದು ನನ್ನ ಹಟ ಅಂದುಕೊಳ್ಳಿ ಬೇಕಾದರೆ. ನನ್ನ ದುಡ್ಡಾದರೆ 2020-22ರ ವಿ6 ಹೈಲ್ಯಾಂಡರ್ ಸೆಕೆಂಡ್ ಹ್ಯಾಂಡ್ ಹುಡುಕುತ್ತೇನೆ. 3,950ರ ಟ್ರೈಲರ್ ಅಂದರೆ ಅದರ ಮಿತಿಯ ಐದರಲ್ಲಿ ನಾಲ್ಕು ಪಾಲು. ಆ ಅಂತರ ಇರಲಿ. ಮೂತಿ ಭಾರಕ್ಕೆ ಕಾರಿನ ಹಿಂಭಾಗ ಕುಸಿದು ಮುಂದಿನ ಚಕ್ರ ಹಗುರವಾಗುವುದನ್ನು ತಡೆಯಲು ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಅಂತ ಬರುತ್ತದೆ. ಉಕ್ಕಿನ ಎರಡು ಕಂಬಿ ಬಿಗಿದು ಭಾರವನ್ನು ಮುಂದಿನ ಚಕ್ರಕ್ಕೂ ಟ್ರೈಲರ್ ಚಕ್ರಕ್ಕೂ ಹಂಚುತ್ತದೆ. ಕೆಲವು ಕಾರುಗಳು ಇದನ್ನು ಒಪ್ಪುತ್ತವೆ, ಕೆಲವು ಬೇಡ ಅನ್ನುತ್ತವೆ. ಮತ್ತೆ ಮ್ಯಾನ್ಯುಯಲ್.

ಆರೂ ಜನ ಒಂದೇ ಗಾಡಿಯಲ್ಲಿ ಅಂದರೆ ಮೇಲಿನ ಯಾವುದೂ ನನಗೆ ಸಮಾಧಾನ ಕೊಡುವುದಿಲ್ಲ. ಅವುಗಳ ಟೋ ಮಿತಿ ಉಳಿಯುತ್ತದೆ, ಚೀಟಿಯ ಅಂಕಿ ಮುಗಿಯುತ್ತದೆ. ಆಗ ಫೋರ್ಡ್ ಎಕ್ಸ್‌ಪೆಡಿಷನ್, ಶೆವಿ ಟಾಹೋದಂಥ ಲಾರಿ ಚಾಸಿಯ ದೊಡ್ಡ ಗಾಡಿಗಳಿಗೆ ಹೋಗಬೇಕು. ಎಫ್-150ರಂಥ ಪಿಕಪ್ ಕೂಡ ಆಗುತ್ತದೆ, ಮುಂದೆ ಬೆಂಚ್ ಸೀಟಿದ್ದರೆ ಆರು ಜನ ಕೂರಬಹುದು. ಆದರೆ ‘ಹನ್ನೊಂದು ಸಾವಿರ ಪೌಂಡ್ ಎಳೆಯುತ್ತೆ’ ಅನ್ನುವ ಜಾಹೀರಾತಿಗೆ ಮರುಳಾಗಬೇಡಿ. ಪಿಕಪ್‌ನಲ್ಲೂ ಚರ್ಮದ ಸೀಟು, ಗಾಜಿನ ಚಾವಣಿ ಅಂತ ಮೇಲಿನ ಬಗೆ ಕೊಂಡಷ್ಟೂ ಪೇಲೋಡ್ ಇಳಿಯುತ್ತದೆ. ಆಲೂಗಡ್ಡೆ ಮೂಟೆ ಹಾಕುವ ಸಾದಾ ಪಿಕಪ್ ಜಾಸ್ತಿ ಹೊರುತ್ತದೆ. ಇನ್ನೊಂದು ಮಾತು. ಕೊಳ್ಳುವ ಮೊದಲು ಸೀರೆ ಉಟ್ಟ ಅಮ್ಮ ಆ ಎತ್ತರಕ್ಕೆ ಹತ್ತಬಲ್ಲರಾ ಅಂತ ಯೋಚಿಸಿ. ನಮ್ಮ ಮನೆಯಲ್ಲಿ ಒಂದು ಪ್ಲಾಸ್ಟಿಕ್ ಸ್ಟೂಲ್ ಮೂರು ರಾಜ್ಯ ಸುತ್ತಿದೆ.

ಎಲೆಕ್ಟ್ರಿಕ್ ಬಗ್ಗೆ ನೀವು ಕೇಳಿಲ್ಲ, ಆದರೆ ಟೆಸ್ಲಾ ಫ್ಯಾಕ್ಟರಿ ಇರುವ ಫ್ರೀಮಾಂಟ್‌ನವರು ಕೇಳದೆ ಇರುವುದಿಲ್ಲ. ಟೆಸ್ಲಾದ ಮಾಡೆಲ್ ವೈ 3,500, ಮಾಡೆಲ್ ಎಕ್ಸ್ 5,000. ಎಳೆಯುವ ಬಲಕ್ಕೆ ಏನೂ ಕೊರತೆಯಿಲ್ಲ, ಬೆಟ್ಟ ಹತ್ತುವುದು ನೋಡಿದರೆ ಅಸೂಯೆಯಾಗುತ್ತದೆ. ಆದರೆ ಟ್ರೈಲರ್ ಕಟ್ಟಿದರೆ ಒಂದು ಚಾರ್ಜ್‌ಗೆ ಹೋಗುವ ದೂರ ಹೆಚ್ಚುಕಮ್ಮಿ ಅರ್ಧ. ಮತ್ತೆ ಬಹಳಷ್ಟು ಚಾರ್ಜಿಂಗ್ ಜಾಗಗಳಿಗೆ ಹಿಂದಕ್ಕೆ ಹೋಗಿ ನಿಲ್ಲಿಸಬೇಕು. ಅಂದರೆ ಪ್ರತಿ ಸಲ ಟ್ರೈಲರ್ ಬಿಚ್ಚು, ಕಟ್ಟು. ಮಕ್ಕಳು ಕಿರಿಕಿರಿ ಮಾಡುವಾಗ ಅದು ಬೇಡ ಅನ್ನಿಸುತ್ತದೆ.

ಇಷ್ಟೆಲ್ಲ ಹೇಳಿ, ನಿಮಗೆ ನನ್ನ ನಿಜವಾದ ಸಲಹೆ: ಈ ವರ್ಷ ಏನೂ ಕೊಳ್ಳಬೇಡಿ. ಅಪ್ಪ ಅಮ್ಮ ಇರುವುದು ಬೇಸಿಗೆಯಲ್ಲಿ ಕೆಲವು ತಿಂಗಳು, ನಿಮ್ಮ ಜೊತೆ ಕ್ಯಾಂಪಿಂಗ್ ಬರುವುದು ಹೆಚ್ಚೆಂದರೆ ಎರಡು ಸಲ. ಅದಕ್ಕಾಗಿ ವರ್ಷವಿಡೀ ಒಂದು ಲಾರಿ ಸಾಕುವುದು ಯಾಕೆ? ಔಟ್‌ಡೋರ್ಸಿ, ಆರ್‌ವಿಶೇರ್‌ನಂಥ ವೆಬ್‌ಸೈಟ್‌ಗಳಲ್ಲಿ ಟ್ರೈಲರ್ ಬಾಡಿಗೆಗೆ ಸಿಗುತ್ತದೆ. ಎಷ್ಟೋ ಮಾಲೀಕರು ತಾವೇ ಕ್ಯಾಂಪ್‌ಗ್ರೌಂಡ್‌ಗೆ ಎಳೆದು ತಂದು, ನಿಲ್ಲಿಸಿ, ಮಟ್ಟ ಮಾಡಿ ಕೊಟ್ಟು ಹೋಗುತ್ತಾರೆ. ನೀವು ಹೈಬ್ರಿಡ್‌ನಲ್ಲಿ ಆರಾಮಾಗಿ ಹೋಗಿ ಬೀಗದ ಕೈ ತಗೊಳ್ಳಿ. ಎರಡು ರಾತ್ರಿ ಆರು ಜನ ಆ ಡಬ್ಬದಲ್ಲಿ ಮಲಗಿ, ಒಬ್ಬೊಬ್ಬರೇ ಅದರ ಟಾಯ್ಲೆಟ್ಟಿಗೆ ಹೋಗಿ ಬಂದು, ಆ ಟ್ಯಾಂಕ್ ಖಾಲಿ ಮಾಡುವ ಕೆಲಸ ನೋಡಿದ ಮೇಲೂ ಇಷ್ಟವಾದರೆ, ಆಗ ವಿ6 ಹುಡುಕಿ. ನನಗೆ ಗೊತ್ತಿರುವ ಮೂರು ಮನೆಯವರು ಕೊಂಡ ಟ್ರೈಲರ್ ಅಂಗಳದಲ್ಲಿ ನಿಂತು ಎಲೆ ಉದುರಿಸಿಕೊಳ್ಳುತ್ತಿದೆ.

ಕೊಂಡರೆ, ಮೊದಲ ಪ್ರವಾಸದ ದಿನ ಪೂರ್ತಿ ತುಂಬಿಸಿ, ಎಲ್ಲರೂ ಕೂತು, ಕ್ಯಾಟ್ ಸ್ಕೇಲ್ ಮೇಲೆ ಹೋಗಿ. ಹದಿನೈದು ಡಾಲರ್ ಆಸುಪಾಸು. ಕಾರಿನ ಮುಂದಿನ ಚಕ್ರ, ಹಿಂದಿನ ಚಕ್ರ, ಟ್ರೈಲರ್ ಚಕ್ರ ಬೇರೆ ಬೇರೆ ತೂಗಿ ಚೀಟಿ ಕೊಡುತ್ತಾರೆ. ಆಮೇಲೆ ಟ್ರೈಲರ್ ಪಕ್ಕಕ್ಕೆ ನಿಲ್ಲಿಸಿ, ಅದೇ ಜನ ಕೂತಿರುವಾಗಲೇ ಕಾರೊಂದನ್ನೇ ತೂಗಿಸಿ. ಎರಡೂ ಸಲದ ಕಾರಿನ ತೂಕದ ವ್ಯತ್ಯಾಸವೇ ಮೂತಿಯ ಭಾರ. ಇದಾದ ಮೇಲೆ ಬಾಕಿ ಎಲ್ಲರ ಅಭಿಪ್ರಾಯವನ್ನೂ, ನನ್ನದನ್ನೂ ಸೇರಿಸಿ, ಪಕ್ಕಕ್ಕಿಡಬಹುದು.

ರಸ್ತೆಯ ಮೇಲೆ: ಕ್ಯಾಲಿಫೋರ್ನಿಯಾದಲ್ಲಿ ಟ್ರೈಲರ್ ಎಳೆಯುವವರಿಗೆ ಗರಿಷ್ಠ ವೇಗ ಗಂಟೆಗೆ 55 ಮೈಲಿ, ಬೋರ್ಡಿನಲ್ಲಿ 65 ಇದ್ದರೂ. ನಿಮ್ಮ ಮಾಮೂಲಿ ಕ್ಲಾಸ್ ಸಿ ಲೈಸೆನ್ಸೇ ಸಾಕು. ಯೊಸೆಮಿಟಿಗೆ 120ನೇ ಹೆದ್ದಾರಿಯಲ್ಲಿ ಹೋದರೆ ಪ್ರೀಸ್ಟ್ ಗ್ರೇಡ್ ಅನ್ನುವ ಕಡಿದಾದ ಏರಿದೆ. ಮೊದಮೊದಲು ಮರ್ಸೆಡ್, ಮಾರಿಪೋಸಾ ಮೇಲಿನ 140 ಹಿಡಿಯಿರಿ. ಸುತ್ತಾದರೂ ಎದೆ ಹೊಡೆದುಕೊಳ್ಳುವುದಿಲ್ಲ.

ಅಪ್ಪ ಅಮ್ಮ ಟ್ರೈಲರ್ ಒಳಗೆ ಮಲಗಿಕೊಂಡು ಬರುವುದು ಆಗುವುದಿಲ್ಲ. ಇಂಥ ಟ್ರೈಲರ್ ಓಡುತ್ತಿರುವಾಗ ಅದರೊಳಗೆ ಜನ ಇರುವುದು ಕ್ಯಾಲಿಫೋರ್ನಿಯಾದಲ್ಲಿ ಕಾನೂನಿಗೆ ವಿರುದ್ಧ. ಕಾನೂನು ಬಿಡಿ, ಆಲ್ಟಮಾಂಟ್‌ನಲ್ಲಿ ನನ್ನ ಟ್ರೈಲರ್ ಬಾಲ ಅಲ್ಲಾಡಿಸಿದಾಗ ಒಳಗಿನ ಕಪಾಟಿನ ಬಾಗಿಲು ತೆರೆದುಕೊಂಡು ಸ್ಟೀಲ್ ಡಬ್ಬಗಳೆಲ್ಲ ನೆಲದ ಮೇಲಿದ್ದವು. ಸಾರಿನ ಪುಡಿ ವಾಸನೆ ಆ ಕಾರ್ಪೆಟ್ಟಿನಿಂದ ಕೊನೆಗೂ ಹೋಗಲಿಲ್ಲ.

ಸೈಕಲ್: ಹಿಂದಿನ ಬಂಪರ್‌ಗೆ ಬೇಡ. ಕಾರಿನ ಮೇಲೆ ಕಟ್ಟಬಹುದು, ಆದರೆ ಅದೂ ಪೇಲೋಡ್‌ನಲ್ಲೇ ಲೆಕ್ಕ. ಮಕ್ಕಳ ಸೈಕಲ್ ಚಿಕ್ಕವು ತಾನೇ? ಪೆಡಲ್ ಬಿಚ್ಚಿ, ಟ್ರೈಲರ್ ಒಳಗೆ ಚಕ್ರದ ಮೇಲೆ ಬರುವ ಹಾಗೆ, ಹಳೇ ಜಮಖಾನ ಹಾಸಿ ಮಲಗಿಸಿ, ಹಗ್ಗ ಬಿಗಿಯಿರಿ.